ಅವರು ಯಾವ ಜನ?

ಇವತ್ತು ಹೊಸಹಳ್ಳಿಯ ಮಾರಮ್ಮನ ಗುಡಿ ಮುಂದೆ ಅಂಬಲಿ ಹಂಚ್ತಿದ್ರು. ಆ ಹುಳಿ ವಾಸನೆಗೆ ನಮ್ಮ ಹಳೇ ವಠಾರದ ಪಕ್ಕದ ಮನೆ ಸೆಲ್ವಿ ಆಂಟಿ ನೆನಪಾದ್ರು. ಅವರ ಮನೆಮಾತು ತಮಿಳು. ಮಾರಮ್ಮನ ಹಬ್ಬಕ್ಕೆ ಅಮ್ಮ, ಆಂಟಿ ಇಬ್ಬರೂ ಒಂದೇ ಪಾತ್ರೇಲಿ ಅಂಬಲಿ ಕಾಯಿಸಿ ಬೀದಿಗೆಲ್ಲ ಹಂಚೋರು. ಈರುಳ್ಳಿ ಹೆಚ್ಚೋ ಕೆಲಸ ನಂದು.

ಕಾವೇರಿ ಗಲಾಟೆ ಆದಾಗ ಒಂದು ಗುಂಪು ನಮ್ಮ ಗೇಟಿಗೆ ಬಂತು. "ಪಕ್ಕದ ಮನೆಯವರು ಯಾವ ಜನ ಅಮ್ಮಾ?"

"ನಮ್ಮ ಜನಾನೇ ಕಣ್ರಪ್ಪಾ, ಮಾರಮ್ಮನ ಒಕ್ಕಲು," ಅಂದ್ರು ಅಮ್ಮ. ಅವರ ಪಾಲಿಗೆ ಜನ ಅಂದ್ರೆ ಅಷ್ಟೇ.

"ದೇವ್ರನ್ನ ಯಾರ್ ಕೇಳಿದ್ರು? ಮನೇಲಿ ಏನ್ ಮಾತಾಡ್ತಾರೆ ಹೇಳಿ."

ಅಮ್ಮ ಗೇಟಿನ ಚಿಲಕ ಹಿಡ್ಕೊಂಡು ಹಾಗೇ ನಿಂತ್ರು. ಅದೇ ವಾರ ಆಂಟಿ ಮನೆ ಖಾಲಿ ಮಾಡಿದ್ರು. ಅಂಬಲಿ ಸೌಟನ್ನ ತೊಳೆದು ನಮ್ಮ ಬಾಗಿಲಲ್ಲಿಟ್ಟು ಹೋಗಿದ್ರು.

ಇವತ್ತು ಗುಡಿ ಮುಂದೆ ನನ್ನ ಲೋಟದಲ್ಲಿ ಇನ್ನೂ ಅಂಬಲಿ ಇತ್ತು, ಅಷ್ಟರಲ್ಲಿ ಮನೆ ಓನರ್ ಒಬ್ಬರ ಫೋನ್ ಬಂತು. ಕೊಪ್ಪಳದ ಕಡೆಯ ಗೆಳತಿ ರಜಿಯಾಗೆ ನಾನು ಬಾಡಿಗೆ ಮನೆ ಹುಡುಕ್ತಾ ಇದೀನಿ.

"ಯಾವ ಜನ ಮೇಡಂ?"

"ನಮ್ಮೋರೇ ಸಾರ್. ಮನೇಲೂ ಕನ್ನಡಾನೇ ಮಾತಾಡೋದು."

"ಭಾಷೆ ಬಿಡಿ ಮೇಡಂ. ಮನೇಲಿ ಪೂಜೆ ಗೀಜೆ ಮಾಡ್ತಾರಾ?"

ಲೋಟ ಹಿಡ್ಕೊಂಡು, ಅವತ್ತು ಅಮ್ಮ ನಿಂತ ಹಾಗೇ ನಿಂತಿದ್ದೆ.