ಅರಿಶಿನದ ಹಾಲು ಚೆಲ್ಲಿದ ಶಾಲು

ನನಗೆ ಕೋಪ ಮೂಗಿನ ತುದಿಯಲ್ಲೇ. ಅತ್ತೆಯ ಕೈ ನಡುಗಿ, ಅವರು ಹೊದ್ದಿದ್ದ ಶಾಲಿನ ಮೇಲೆ ಅರಿಶಿನ ಹಾಕಿದ ಹಾಲು ಚೆಲ್ಲಿತು. "ಒಂದು ಲೋಟ ನೆಟ್ಟಗೆ ಹಿಡಿಯಾಕಾಗಲ್ವೇನ್ರಿ?" ಎಂದು ರೇಗಿಬಿಟ್ಟೆ. ಅವರು ಶಾಲು ತೆಗೆದುಕೊಟ್ಟರು.

ಅದು ಅಂಗಡಿಯ ಶಾಲಲ್ಲ. ಚಳ್ಳಕೆರೆ ಕಡೆಯ ತವರಿನಲ್ಲಿ ಅವರ ಅಪ್ಪ, ಕುರಿಮರಿಗಳಿಂದ ಮೊದಲ ಸಲ ಕತ್ತರಿಸಿದ ಉಣ್ಣೆಯನ್ನಷ್ಟೇ ಆರಿಸಿಟ್ಟು ಮಗಳಿಗೆಂದು ನೇಯ್ದದ್ದು. ಕೆನೆ ಬಣ್ಣ, ಕಂಬಳಿಯ ಹಾಗೆ ಚುಚ್ಚುವುದಿಲ್ಲ. ಅವರು ಮೊಳಕಾಲ್ಮುರಿಗೆ ಸೊಸೆಯಾಗಿ ಬಂದಾಗ ತಂದ ಸಾಮಾನಿನಲ್ಲಿ ಉಳಿದಿರುವುದು ಅದೊಂದೇ. ಈಗ ಅವರ ಮೊಣಕಾಲು ಮಡಚಿದರೆ ಪ್ರಾಣ ಹೋಗುವಷ್ಟು ನೋವು. ಕಾಲು ನೀಡಿಕೊಂಡೇ ಮಲಗಬೇಕು. ಆ ಶಾಲು ಕತ್ತಿನಿಂದ ಪಾದದವರೆಗೂ ಮುಚ್ಚುತ್ತಿತ್ತು. ಬೇರೆ ಏನು ಹೊದಿಸಿದರೂ ಚಳಿ ಎನ್ನುತ್ತಿದ್ದರು.

ಬಚ್ಚಲಲ್ಲಿ ಕಲೆಗೆ ಬಟ್ಟೆ ಸೋಪು ತಿಕ್ಕಿದೆ. ಹಳದಿ ಇದ್ದದ್ದು ನೋಡನೋಡುತ್ತಲೇ ರಕ್ತದ ಕೆಂಪಾಯಿತು. ಮನೆಯಲ್ಲಿ ಅರಿಶಿನಕ್ಕೆ ಸುಣ್ಣ ಕಲಸಿ ಆರತಿಯ ಕೆಂಪು ನೀರು ಮಾಡುವವಳು ನಾನೇ. ಸೋಪೂ ಅದೇ ಕೆಲಸ ಮಾಡೀತು ಎಂದು ಹೊಳೆಯಲಿಲ್ಲ. ಹೊಳೆಯುವಷ್ಟು ತಾಳ್ಮೆ ನನಗೆಲ್ಲಿತ್ತು? ಹಂಡೆಯ ಸುಡುನೀರು ಸುರಿದೆ, ಬ್ರಷ್ಷಿನಲ್ಲಿ ಉಜ್ಜಿದೆ, ಮತ್ತೆ ಸುರಿದೆ. ಕೊನೆಗೆ ಮೊಬೈಲಿನಲ್ಲಿ ಯಾರೋ ಹೇಳಿದ್ದು ನೋಡಿ ನಿಂಬೆಹಣ್ಣು ಹಿಂಡಿದೆ. ಕೆಂಪು ಹೋಗಿ ಹಳದಿ ಬಂತು. ಹಳದಿಯನ್ನು ಬಿಸಿಲು ತಿನ್ನುತ್ತದೆ ಎಂದು ಗೊತ್ತಿತ್ತು. ಹೋದ ಜೀವ ಬಂದಂತಾಯಿತು.

ತಂತಿಯ ಮೇಲೆ ಹರಡಲು ಹೋದಾಗ ಗೊತ್ತಾಯಿತು. ಶಾಲು ದಪ್ಪಗಾಗಿತ್ತು, ಅರ್ಧಕ್ಕರ್ಧ ಕುಗ್ಗಿತ್ತು. ತುದಿ ಹಿಡಿದು ಎಳೆದೆ. ಒದ್ದೆಯಲ್ಲೇ ಹಾಸಿ ನಾಲ್ಕೂ ಮೂಲೆಗೆ ಕಲ್ಲು ಹೇರಿದೆ. ಚಳ್ಳಕೆರೆಯ ಒಬ್ಬ ಕಂಬಳಿ ವ್ಯಾಪಾರಿಗೆ ಫೋನ್ ಮಾಡಿ, ದಾರಿಯಿದ್ದರೆ ಹೇಳಿ ಎಂದು ಗೋಗರೆದೆ. ಬಿಸಿನೀರು ಹಾಕಿ ಉಜ್ಜಿದಿರಾ ಎಂದು ಕೇಳಿದರು. ಹೌದು ಎಂದೆ. "ಮರಿ ಉಣ್ಣೆ ಒಂದ್ಸಲ ಎಳೆಗೆಳೆ ಹೆಣ್ಕೊಂಡ್ರೆ ಬಿಡಲ್ಲ ಕಣಮ್ಮ," ಎಂದರು.

ಒಳಗಿನಿಂದ ಅತ್ತೆ ಒಣಗಿತಾ ಎಂದು ಕೇಳುತ್ತಲೇ ಇದ್ದರು. ಇನ್ನೂ ಹಸಿ ಇದೆ ಎಂದು ಮೂರು ಸಲ ಸುಳ್ಳು ಹೇಳಿದೆ. ಬಿಸಿಲಿಗೆ ಕಲೆ ಪೂರ್ತಿ ಹೋಗಿತ್ತು. ಮೊದಲೇ ಬರೀ ಬಿಸಿಲಿಗೆ ಹಾಕಿದ್ದರೆ ಸಾಕಿತ್ತಲ್ಲ ಎನಿಸಿತು.

ಸಂಜೆ ಬೇರೆ ದಾರಿ ಕಾಣದೆ ತಂದು ಹೊದಿಸಿದೆ. ಕತ್ತಿಗೆ ಎಳೆದರೆ ಕಾಲು ಹೊರಗೆ, ಕಾಲಿಗೆ ಎಳೆದರೆ ಭುಜ ಹೊರಗೆ. "ನಾನೇ ಹಾಳು ಮಾಡ್ದೆ ಅತ್ತೆ," ಎಂದೆ.

ಅವರು ಕಲೆ ಇದ್ದ ಜಾಗವನ್ನು ಬೆರಳಿನಿಂದ ಸವರಿದರು. "ಚೆಲ್ಲಿದ್ದು ನಾನಲ್ವೇನೆ," ಎಂದು, ಎರಡೂ ಕೈಯಿಂದ ಒಂದೊಂದೇ ಮೊಣಕಾಲು ಹಿಡಿದು, ಹಲ್ಲು ಕಚ್ಚಿ, ಹೊಟ್ಟೆಯತ್ತ ಮಡಚಿಕೊಂಡರು. ಪಾದಗಳು ಶಾಲಿನೊಳಗೆ ಸೇರಿದವು. "ಈಗ ಸಾಕಾಗ್ತೈತೆ, ನೋಡು."

ರಗ್ಗು ತಂದರೆ ಸರಿಸಿಬಿಡುತ್ತಾರೆ. ಈಗಲೂ ಹಾಗೇ ಮುದುಡಿ ಮಲಗುತ್ತಾರೆ. ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ಆ ಕಾಲುಗಳನ್ನು ನೀಡಿಸುವವಳು ನಾನು. ಅವರು ನರಳುತ್ತಾರೆ. ಒಂದು ಸಲವಾದರೂ ನನ್ನನ್ನು ಬೈಯಲಿ ಎಂದು ಕಾಯುತ್ತೇನೆ, ಬೈಯುವುದಿಲ್ಲ.