ಅಪ್ಪನಿಗಷ್ಟೇ ಹೇಳುವ ಮಾತು

ನನ್ನ ಮಗಳಿಗೆ ಚಡ್ಡಿ ತೋಯಿಸಿಕೊಳ್ಳಬಾರದೆಂದು ಕಲಿಸಿದವಳು ನಾನಲ್ಲ, ಅವಳಪ್ಪ. ಇದನ್ನು ನೆಟ್ಟಗೆ ಹೇಳುವುದಕ್ಕೆ ನನಗೆ ಇಷ್ಟು ವರ್ಷ ಹಿಡಿಯಿತು. ಆಗ ಯಾರಾದರೂ ಕೇಳಿದ್ದರೆ "ಇಬ್ಬರೂ ಕೂಡೇ ಕಲಿಸಿದಿವಿ" ಎಂದು ಹಲ್ಲು ಕಿರಿದು ಸುಳ್ಳು ಹೇಳುತ್ತಿದ್ದೆ.

ಎರಡು ಸಾವಿರದ ಆರರ ಸುಮಾರು ಇರಬೇಕು. ನಾವಿದ್ದದ್ದು ಗಜೇಂದ್ರಗಡದಲ್ಲಿ. ಪಡಸಾಲೆಯ ಅರ್ಧಭಾಗ ನನ್ನ ಗಂಡನ ಕುಣಿಮಗ್ಗ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಮಧ್ಯಾಹ್ನದ ಊಟಕ್ಕೇ ಅವರು ಏಳುತ್ತಿದ್ದದ್ದು. ನಾನು ರೋಣದಲ್ಲಿ ಬಸ್ಸು ಬದಲಿಸಿ, ಅಸೂಟಿ ಕಡೆಯ ಒಂದು ಹಳ್ಳಿಯ ಸಾಲಿಗೆ ಹೋಗುತ್ತಿದ್ದೆ. ಅಲ್ಲಿ ನಾನು ಪಾಠ ಹೇಳುವ ಅಕ್ಕೋರು. ಒಂದನೆಯ ಇಯತ್ತೆಯ ನಲವತ್ತು ಹುಡುಗರು ಕಿರುಬೆರಳು ಎತ್ತಿ "ಒಂದಕ್ಕ ಹೋಗ್ಲೇನ್ರಿ ಅಕ್ಕೋರ" ಎಂದು ನನ್ನ ಅಪ್ಪಣೆ ಕೇಳಿಯೇ ಎದ್ದು ಹೋಗುತ್ತಿದ್ದರು. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಮಾತ್ರ ನನ್ನನ್ನು ಕೇಳುತ್ತಿರಲಿಲ್ಲ.

ಅದು ಕಲಿತದ್ದೇ ನನಗೆ ಗೊತ್ತಾಗಲಿಲ್ಲ. ಒಂದು ದಿನ ಹಿತ್ತಲಿಗೆ ಹೋದೆ, ಹಗ್ಗದ ಮೇಲೆ ಅವಳ ಒಂದೇ ಒಂದು ಚಡ್ಡಿ ಒಣಗುತ್ತಿತ್ತು. ಮೊದಲಾದರೆ ಆರೇಳು ಸಾಲಾಗಿ ನೇತಾಡುತ್ತಿದ್ದವು.

"ಉಳಿದದ್ದು ಒಗೀಲಿಲ್ಲೇನ್ರಿ?" ಎಂದೆ.

"ತೋಯಿಸಿಕೊಂಡ್ರ ಅಲಾ ಒಗಿಯೂದು? ಈಗ ಹೇಳತಾಳ," ಎಂದರು, ಮಗ್ಗದ ಮೇಲಿಂದ ಕಣ್ಣು ತೆಗೆಯದೆ.

"ಯಾವಾಗಿಂದ?"

"ಹದಿನೈದ ದಿನಾ ಆಗಿರಬೇಕ ನೋಡು."

ಹದಿನೈದು ದಿನ! ಮಗು ಮೊದಲ ಹೆಜ್ಜೆ ಇಟ್ಟಾಗಲೂ ನಾನು ಬಸ್ಸಿನಲ್ಲಿದ್ದೆ, ಅದನ್ನೂ ಇವರೇ ನೋಡಿದ್ದರು. ಈಗ ಇದೂ. ಖುಷಿ ಪಡಬೇಕಾದ ಸುದ್ದಿ ಅದು, ಆದರೆ ನನ್ನ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದಂತಾಯಿತು. ಸಾಲದ್ದಕ್ಕೆ ಬಾಜೂ ಮನೆಯ ಮುದುಕಿ ಗೋಡೆಯ ಮೇಲಿಂದ ಇಣುಕಿ, "ಹೆಣ್ಣಾಗಿ ಹುಟ್ಟಬೇಕಿತ್ತ ನೋಡವಾ ನಿನ ಗಂಡ, ಏನ ಚಂದ ಜ್ವಾಪಾನ ಮಾಡತಾನ," ಎಂದಳು. ಹೌದು, ಭಾಳ ಚಂದ ಮಾಡುತ್ತಿದ್ದರು. ಅದೇ ನನ್ನ ಹೊಟ್ಟೆಕಿಚ್ಚು.

ರವಿವಾರ ಬಂದರೆ ನನ್ನ ಮರ್ಯಾದೆ ಪೂರ್ತಿ ಹೋಗುತ್ತಿತ್ತು. ವಾರವೆಲ್ಲ ಅಪ್ಪನ ಹತ್ತಿರ ಒಣಗಿಯೇ ಇರುತ್ತಿದ್ದ ಮಗಳು ರವಿವಾರ ನನ್ನ ತೊಡೆಯ ಮೇಲೆ ಕೂತಲ್ಲೇ ಸೀರೆ ತೋಯಿಸುತ್ತಿದ್ದಳು. ಇಲ್ಲವಾದರೆ ಆಟ ಬಿಟ್ಟು ಅಪ್ಪನ ಹತ್ತಿರ ಓಡಿ, ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದಳು. ಅವರು ತಟ್ಟನೆ ಮಗ್ಗ ನಿಲ್ಲಿಸಿ, ಎತ್ತಿಕೊಂಡು ಬಚ್ಚಲಿಗೆ ನಡೆಯುತ್ತಿದ್ದರು. ಏನು ಹೇಳುತ್ತಾಳೆಂದು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಟ್ರೇನಿಂಗ್ ಮುಗಿಸಿ ಬಂದ ಅಕ್ಕೋರು ಮಗ್ಗದ ಮನುಷ್ಯನನ್ನು ಕೇಳಿ ಮಗು ಸಾಕುವುದೇ? ಬದಲಿಗೆ ಅವಳನ್ನು ಎದುರಿಗೆ ನಿಲ್ಲಿಸಿ ಕಿರುಬೆರಳು ಎತ್ತುವುದನ್ನು ಕಲಿಸಿದೆ. ಅವಳು ಬೆರಳು ಎತ್ತಿ ಮೂಗಿನಲ್ಲಿ ಇಟ್ಟುಕೊಂಡಳು.

ದಸರೆಯ ರಜೆಯಲ್ಲಿ ನಮ್ಮ ಸಾಲಿಯ ಮಾಸ್ತರು, ಅಕ್ಕೋರುಗಳೆಲ್ಲ ಹೆಂಡಿರು ಮಕ್ಕಳು ಗಂಡಂದಿರನ್ನು ಕಟ್ಟಿಕೊಂಡು ಒಂದು ಟೆಂಪೊ ಮಾಡಿಸಿ ಹುಬ್ಬಳ್ಳಿ ಕಡೆಯ ಆಟದ ಪಾರ್ಕಿಗೆ ಹೊರಟೆವು. ನೀರಿನ ಜಾರುಬಂಡಿ, ಪುಟಾಣಿ ರೈಲು, ತಿರುಗುವ ಕುದುರೆ ಎಲ್ಲ ಇದ್ದ ಜಾಗ. ಎಲ್ಲರೂ ಆಟದ ಬಗ್ಗೆ ಮಾತಾಡುತ್ತಿದ್ದರೆ ನನ್ನ ತಲೆಯಲ್ಲಿದ್ದದ್ದು ಸಂಡಾಸು. ಅಲ್ಲಿ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಬಾಗಿಲು ಇರುತ್ತದಂತೆ. ಮಗಳು ಹೆಣ್ಣು, ಕರೆದುಕೊಂಡು ಹೋಗಬೇಕಾದವಳು ನಾನೇ. ಇವರು ಬಾಗಿಲ ಹೊರಗೆ ನಿಲ್ಲಬೇಕು. ಆ ಬಾಗಿಲನ್ನು ನೆನೆದು ನಾನು ವಾರದಿಂದ ಒಳಗೊಳಗೇ ಹಿಗ್ಗಿದ್ದೆ ಎಂದರೆ ನೀವು ನಗಬಹುದು. ನಗ್ರಿ.

ನರಗುಂದದ ಗುಡ್ಡ ಹಿಂದೆ ಸರಿಯುತ್ತಿದ್ದಾಗ ಅವಳು ನನ್ನ ತೊಡೆಯಿಂದ ಅಪ್ಪನ ಕಡೆಗೆ ಬಗ್ಗಿದಳು. ಕಿವಿಯಲ್ಲಿ ಪಿಸುಮಾತು. ಇವರು "ಡ್ರೈವರ್ರ, ಒಂದ ಮಿನಿಟ್ ನಿಲ್ಲಸ್ರಿ" ಎಂದರು. ಇಬ್ಬರೂ ಇಳಿದು ಜೋಳದ ಹೊಲದ ಬದುವಿಗೆ ಹೋಗಿ, ಮುಗಿಸಿ, ನಗುತ್ತಾ ಬಂದರು. ನನ್ನ ಜತೆಯ ಹಿರಿಯ ಅಕ್ಕೋರು, ನಾವೆಲ್ಲ ದೊಡ್ಡಕ್ಕೋರೆಂದು ಕರೆಯುತ್ತಿದ್ದವರು, "ಎಷ್ಟ ಶಾಣೇ ಅದಾಳ ಕೂಸು! ಏನ ಕಲಿಸೀಯವಾ," ಎಂದರು. ನಾನು "ಹೂಂರಿ" ಎಂದು ಕಿಟಕಿ ಕಡೆ ಮುಖ ಮಾಡಿದೆ.

ಪಾರ್ಕಿನೊಳಗೆ ಹೋದ ಕೂಡಲೇ ಇವರನ್ನು ಸಾಗಹಾಕಿದೆ. "ನೀವು ಗಂಡಸರ ಕೂಡ ಆ ದೊಡ್ಡ ಜಾರುಬಂಡಿಗೆ ಹೋಗ್ರಿ. ಇಕಿನ್ನ ನಾ ನೋಡಿಕೋತೀನಿ."

"ಅಲ್ಲಾ, ಆಕಿ ಹೇಳೂದು ಸ್ವಲ್ಪ ಬ್ಯಾರೆ ಐತಿ," ಎಂದರು. "ಆಕಿ ಏನಂತಾಳಂದ್ರ..."

"ನಲವತ್ತ ಹುಡುಗರನ್ನ ಕಾಯಾಕಿ ನಾ. ನನಗ ಕಲಸಾಕ ಬರಬ್ಯಾಡ್ರಿ."

ಅವರು ಗಂಡಸರ ಹಿಂದೆ ಹೋದರು. ಅವರಿಗೆ ಜಗಳ ಬರುವುದಿಲ್ಲ, ಅದೂ ಒಂದು ನನಗೆ ಸಿಟ್ಟು.

ಹೋದ ಐದು ನಿಮಿಷಕ್ಕೇ ಮಗಳನ್ನು ಹೆಂಗಸರ ಸಂಡಾಸಿಗೆ ಎಳೆದುಕೊಂಡು ಹೋದೆ. ಉದ್ದನೆಯ ಪಾಳಿ. ಒದ್ದೆ ಬಟ್ಟೆಯ ಹೆಂಗಸರು, ಅಳುವ ಮಕ್ಕಳು, ನೆಲದ ತುಂಬ ನೀರು. ಒಳಗೆ ಕಮೋಡು, ಅವಳ ಎದೆಯೆತ್ತರ. ಅದರ ಮೇಲೆ ಅವಳನ್ನು ಬೀಳದಂತೆ ಹಿಡಿದುಕೊಂಡು, ನನ್ನ ಸೀರೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, "ಸುಸ್ಸ್" ಎಂದೆ. ಬಾಜೂ ಕೋಣೆಯಲ್ಲಿ ಯಾರೋ ನೀರು ಬಿಟ್ಟ ಸದ್ದಿಗೆ ಬೆಚ್ಚಿ ನನ್ನ ಕೊರಳಿಗೆ ಜೋತುಬಿದ್ದಳು. ಒಂದು ಹನಿ ಇಲ್ಲ. ಅರ್ಧ ತಾಸು ಬಿಟ್ಟು ಮತ್ತೆ ಅದೇ ಪಾಳಿ, ಅದೇ ಕಮೋಡು. ಆಗಲೂ ಇಲ್ಲ. ಎಲ್ಲರೂ ಆಟ ಆಡಿದರು, ನಾವಿಬ್ಬರೂ ಸಂಡಾಸಿನ ಪಾಳಿ ಹಚ್ಚಿದೆವು.

ಮೂರನೆಯ ಸಲ ಹೋಗುವುದರೊಳಗೆ ಅವಳೇ ನನ್ನ ಸೆರಗು ಜಗ್ಗಿದಳು. "ಅವ್ವಾ, ಕಂಡೀ ಮುಗೀತು."

ಎದುರಿಗೇ ಐಸ್ ಕ್ಯಾಂಡಿಯ ಗಾಡಿ. ಅದರ ಮುಂದೆ ಒಂದು ಹುಡುಗಿ ಬರೀ ಕಡ್ಡಿ ಚೀಪುತ್ತಾ ನಿಂತಿದ್ದಳು. ಓಹೋ, ಕ್ಯಾಂಡಿ ಮುಗಿದುಹೋದೀತು ಎಂಬ ಚಿಂತೆ ನನ್ನ ಮಗಳಿಗೆ, ಎಂದುಕೊಂಡೆ. ಮೊದಲ ಸಲ ಅಪ್ಪನನ್ನು ಬಿಟ್ಟು ನನ್ನನ್ನು ಏನೋ ಕೇಳಿದ್ದಾಳೆ! ಕಿತ್ತಳೆ ಬಣ್ಣದ್ದು ಒಂದು ಕೊಡಿಸಿದೆ. ಚೀಪಿದಳು. ಚೀಪುತ್ತಾ ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಇಟ್ಟು ನಿಂತಳು.

"ಕಂಡೀ ಮುಗೀತ ಅವ್ವಾ."

ಕೈಯಲ್ಲಿ ನೋಡಿದರೆ ಖರೇನೇ ಮುಗಿದಿತ್ತು. ಇನ್ನೊಂದು ಕೊಡಿಸಿದೆ. ಅದೂ ಹೊಟ್ಟೆಗಿಳಿಯಿತು.

"ಎಷ್ಟ ತಿನ್ನಸ್ತೀಯವಾ, ಥಂಡಿ ಆದೀತು," ಎಂದರು ದೊಡ್ಡಕ್ಕೋರು.

"ಕೇಳತಾಳ್ರಿ," ಎಂದೆ. ಕೇಳುತ್ತಾಳೆ ಎಂಬ ಆ ಮಾತನ್ನು ಎಷ್ಟು ಜಂಬದಿಂದ ಹೇಳಿದೆನೆಂದರೆ, ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ.

ಪುಟಾಣಿ ರೈಲಿನ ಪಾಳಿ ಬಂತು. ಡಬ್ಬಿಯಲ್ಲಿ ಕೂರಿಸುವಾಗ ಅವಳು ಅಳಲು ಶುರುಮಾಡಿದಳು. "ಕಂಡೀ ಮುಗೀತು! ಅವ್ವಾ, ಕಂಡೀ ಮುಗೀತು!" ಹಿಂದಿನವರೆಲ್ಲ ನೋಡುತ್ತಿದ್ದರು. ನನಗೆ ನೆತ್ತಿಗೇರಿತು. "ಮುಗೀತಂದ್ರ ಮುಗೀತು! ಇನ್ನ ಕೊಡಸೂದಿಲ್ಲ, ಬಾಯಿ ಮುಚ್ಚು!" ಎಂದು ಬೆನ್ನಿಗೆ ಒಂದು ಕೊಟ್ಟೆ.

ಅವಳು ಬಾಯಿ ಮುಚ್ಚಿದಳು. ರೈಲು ಹೊರಟಿತು. ಅರ್ಧ ಸುತ್ತಿನಲ್ಲಿ ನನ್ನ ಪಾದಕ್ಕೆ ಬಿಸಿ ತಗುಲಿತು. ಸೀಟಿನಿಂದ ಹರಿದು, ಮುಂದಿನ ಡಬ್ಬಿಯ ಹುಡುಗನ ಚಪ್ಪಲಿಯವರೆಗೂ ಹೋಯಿತು. ಅವನು "ಅಯ್ಯ, ಉಚ್ಚಿ!" ಎಂದು ಇಡೀ ರೈಲಿಗೆ ಕೇಳುವಂತೆ ಸಾರಿದ. ರೈಲು ನಿಂತಿತು. ಅಲ್ಲಿಯ ಕೆಲಸದವನು, ಪಾಪ, ಪೈಪು ಹಿಡಿದು ಬಂದು ಡಬ್ಬಿ ತೊಳೆದ. ಊರಿಗೆ ಉಪಕಾರಿ ಮನೆಗೆ ಮಾರಿ ಎನ್ನುತ್ತಾರಲ್ಲ, ಅವಳೇ ನಾನು. ದೊಡ್ಡಕ್ಕೋರ ಎದುರು ಒದ್ದೆ ಮಗಳನ್ನು ಎತ್ತಿಕೊಂಡು ಇಳಿದೆ.

ಇವರು ಜಾರುಬಂಡಿ ಬಿಟ್ಟು ನೀರಿಳಿಸುತ್ತಾ ಓಡಿ ಬಂದರು. ಅವರು ಕೇಳುವ ಮೊದಲೇ ನಾನೇ ಎಗರಿದೆ. "ನೋಡ್ರಿ, ಏನ ಕಲಿಸೀರಿ ನೋಡ್ರಿ! ಹೇಳತಾಳಂತ, ಹೇಳತಾಳ! ಬಾಯೇ ಬಿಡಲಿಲ್ಲ ನಿಮ್ಮ ಮಗಳು!"

ಮಗಳು ಅಪ್ಪನ ಒದ್ದೆ ಕೊರಳನ್ನು ತಬ್ಬಿಕೊಂಡು ಬಿಕ್ಕಿದಳು. "ಹೇಳೀನಿ... ಕಂಡೀ ಮುಗೀತಂತ ಹೇಳೀನಿ... ಅವ್ವ ಹೊಡದ್ಲು."

ಅವರು ನನ್ನ ಮುಖ ನೋಡಿದರು. ಮೊದಲು ನಗು ಬಂತು ಅವರಿಗೆ, ತಡೆದುಕೊಂಡರು. "ಕಂಡಿಕಿ, ಮಾರಾಯ್ತಿ. ಕಂಡಿಕಿ ಮುಗೀತು ಅಂದಾಳ ಆಕಿ."

ಕಂಡಿಕಿ ಎಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಸುರುಳಿ. ಅದು ತೀರಿದರೆ ನೇಯುವ ಕೈ ನಿಲ್ಲುತ್ತದೆ, ಹೊಸದು ಹಾಕಬೇಕು. ಮೊದಮೊದಲು ಮಗು ಬಚ್ಚಲಿಗೆಂದು ಬಂದಾಗಲೆಲ್ಲ ಇವರು "ತಡಿಯವಾ, ಈ ಕಂಡಿಕಿ ಮುಗೀಲಿ, ಹೋಗೂಣು" ಎನ್ನುತ್ತಿದ್ದರಂತೆ. ಮುಗಿದ ಮೇಲೆ "ನೋಡು, ಕಂಡಿಕಿ ಮುಗೀತು" ಎಂದು ಏಳುತ್ತಿದ್ದರಂತೆ. ಅವಳ ಲೆಕ್ಕದಲ್ಲಿ ಜಗತ್ತಿಗೆಲ್ಲ ಒಂದಕ್ಕೆ ಹೋಗುವುದಕ್ಕೆ ಇರುವ ಮಾತು ಅದೇ. ಅದನ್ನು ನನಗೆ ಮೂರು ಸಲ ಹೇಳಿದ್ದಳು, ಮೂರನೆಯ ಸಲ ಅತ್ತು ಹೇಳಿದ್ದಳು.

ಆ ಕಂಡಿಕಿಗಳನ್ನು ರವಿವಾರ ರವಿವಾರ ರಾಟಿಯ ಮುಂದೆ ಕೂತು ಸುತ್ತಿಕೊಡುತ್ತಿದ್ದವಳು ನಾನೇ!

ಆಗ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಇನ್ನೂ ಹೊಟ್ಟೆಕಿಚ್ಚೇ ಆಯಿತು. ನಾನು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಇವರಿಬ್ಬರೂ ಕೂಡಿ ಒಂದು ಭಾಷೆಯನ್ನೇ ಮಾಡಿಕೊಂಡಿದ್ದಾರೆ, ಅದರೊಳಗೆ ನನಗೆ ಜಾಗವಿಲ್ಲ. ಆಮೇಲೆ ಒದ್ದೆ ಅಂಗಿ ಸರಿದು ಅವಳ ಬೆನ್ನ ಮೇಲೆ ಎದ್ದಿದ್ದ ನನ್ನ ಬೆರಳಿನ ಕೆಂಪು ಗುರುತು ಕಾಣಿಸಿತು. ಅವಳ ಚಡ್ಡಿ ಬದಲಿಸಲು ಕೈ ಚಾಚಿದೆ. ಅವಳು ಅಪ್ಪನ ಹೆಗಲಿನಲ್ಲಿ ಮುಖ ಹುದುಗಿಸಿದಳು. ಒಣ ಚಡ್ಡಿಯನ್ನು ಅವರ ಕೈಗೆ ಕೊಟ್ಟು ನಾನು ಆಚೆ ನಿಂತೆ.

ವಾಪಸು ಬರುವಾಗ ಟೆಂಪೊದಲ್ಲಿ ಎಲ್ಲರೂ ಹಾಡು ಹೇಳಿದರು. ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡಿದ್ದೆ. ದಾರಿಯಲ್ಲಿ ಒಂದು ಸಲ ಇವರು ಮಗಳಿಗೆ "ಅವ್ವಗ ಹೇಳು, ಅವ್ವ ಕರಕೊಂಡ ಹೊಕ್ಕಾಳ" ಎಂದದ್ದು ಕೇಳಿಸಿತು. "ಅವ್ವಗ ತಿಳಿಯಂಗಿಲ್ಲ," ಎಂದಳು ಮಗಳು.

ಮರುದಿನವೂ ರಜೆ. ಮುಂಜಾನೆಯಿಂದ ಮಗಳು ನನ್ನ ಹತ್ತಿರ ಸುಳಿಯಲಿಲ್ಲ. ಬಾಜೂ ಮನೆಯಲ್ಲಿ ಆಡಿ ಬಂದು, ಅಪ್ಪನ ಕೈಯಲ್ಲಿ ರೊಟ್ಟಿ ತಿಂದು ಮಗ್ಗದ ಪಕ್ಕದ ಕೌದಿಯ ಮೇಲೆ ಮಲಗಿಬಿಟ್ಟಳು. ನಾನು ಮೆತ್ತಗೆ ಹೋಗಿ ಅವಳ ಹತ್ತಿರ ಕೂತೆ. ಹಗ್ಗದ ಮೇಲೆ ಒಂದೇ ಚಡ್ಡಿ ಕಂಡ ದಿನವೇ ಕೇಳಬೇಕಾಗಿದ್ದದ್ದನ್ನು ಅಂದು ಕೇಳಿದೆ.

"ಇನ್ನ ಯಾವ್ಯಾವ ಮಾತ ಅದಾವ್ರಿ ಆಕಿಗೆ? ನನಗೂ ಹೇಳ್ರಿ."

ಅವರು ಲಾಳಿ ಓಡಿಸುತ್ತಲೇ ಒಂದೊಂದೇ ನೆನೆಸಿಕೊಂಡು ಹೇಳಿದರು. ಅನ್ನಕ್ಕೆ ಏನನ್ನುತ್ತಾಳೆ, ಹಲ್ಲಿಗೆ ಏನನ್ನುತ್ತಾಳೆ, ಹೆದರಿಕೆಯಾದರೆ ಏನನ್ನುತ್ತಾಳೆ. ಕೆಲವಕ್ಕೆ ನಗು ಬಂತು. ಪಾಠ ಒಪ್ಪಿಸುವ ಹುಡುಗಿಯಂತೆ ನಾನು ಒಂದೊಂದನ್ನೂ ಬಾಯಲ್ಲೇ ಹೇಳಿಕೊಂಡೆ.

ಇನ್ನೂ ನಟ್ಟನಡು ಮಧ್ಯಾಹ್ನ. ಬಿಸಿಲು ಹೊಸ್ತಿಲಲ್ಲಿ ಬಿದ್ದಿತ್ತು. ಮಗಳು ಕಣ್ಣು ಬಿಟ್ಟಳು. ತಲೆಯ ಹತ್ತಿರ ಕೂತಿದ್ದ ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಕೂತು ಮಗ್ಗದ ಕಡೆ ತಿರುಗಿ ಕೂಗಿದಳು.

"ಅಪ್ಪಾ, ಸಂಜಿ ಬಂದ್ಲು!"

ನಾನು ಅಕ್ಕೋರು. ತಪ್ಪು ಕೇಳಿದರೆ ತಿದ್ದದೆ ಇರುವುದಕ್ಕಾಗುವುದಿಲ್ಲ. "ಸಂಜಿ ಬಂದ್ಲು ಅನ್ನಬಾರದವಾ, ಸಂಜಿ ಬಂತು ಅನ್ನಬೇಕು," ಎಂದೆ. "ಮತ್ತ ಇನ್ನಾ ಸಂಜಿ ಆಗಿಲ್ಲ, ಬಿಸಲ ನೋಡು."

ಲಾಳಿ ನಿಂತಿತು. ನೂಲು ತೀರಿರಲಿಲ್ಲ, ಇವರೇ ನಿಲ್ಲಿಸಿದ್ದರು.

"ಆಕಿ ಹೊತ್ತ ಹೇಳಾಕತ್ತಿಲ್ಲ," ಎಂದರು. "ದಿನಾ ಅವ್ವ ಎಲ್ಲಿ, ಅವ್ವ ಎಲ್ಲಿ ಅಂತ ಅಳತಾಳ. ಸಂಜೀಕೆ ಬರತಾಳ, ಸಂಜೀಕೆ ಬರತಾಳ ಅಂತ ಹೇಳಿ ಹೇಳಿ, ನೀನಽ ಸಂಜಿ ಆಗೀ ಆಕಿಗೆ."

ಮಗಳು ನಮ್ಮಿಬ್ಬರ ಮುಖ ನೋಡುತ್ತಿದ್ದಳು, ತಾನು ಮತ್ತೆ ತಪ್ಪು ಹೇಳಿದೆನೇನೋ ಎಂಬಂತೆ. ಬೆನ್ನು ಗೋಡೆಗೆ ಒತ್ತಿಕೊಂಡಿದ್ದಳು.

"ಹೂಂ ನನ ಕೂಸ, ನಂದಽ ತಪ್ಪು," ಎಂದೆ. "ಸಂಜಿ ಬಂದ್ಲು."