ಕಾಳಿನ ಡಬ್ಬದ ಬಿಗಿ ಮುಚ್ಚಳ

ತಗಡಿನ ಮೇಸ್ತ್ರಿ ತೀರಿಕೊಂಡ. ಗುರುವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ, ಸಿಸ್ಟರ್ ಮನೆಯ ಹಿತ್ತಲಿನ ಕೋಣೆಯಲ್ಲಿ. ಹೃದಯ ನಿಂತುಹೋಯಿತು. ಸಿಸ್ಟರ್ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತರಾದವರು. ಮಾಡಬೇಕಾದ್ದನ್ನೆಲ್ಲ ಮಾಡಿದರು, ಆಗಲಿಲ್ಲ. ಮೂಟೆ ಎತ್ತಿದ್ದರಿಂದ ಹೀಗಾಯಿತೇ ಎಂದು ಅವನ ಸೊಸೆ ಕೇಳಿದ್ದಕ್ಕೆ ಡಾಕ್ಟರು, ಇಲ್ಲಮ್ಮ, ಮನೆಯಲ್ಲಿ ಮಲಗಿದ್ದರೂ ಆಗುತ್ತಿತ್ತು ಎಂದರು.

ಅವನು ಸತ್ತದ್ದು ಬೀದಿಗೆಲ್ಲ ದುಃಖ. ಎಲ್ಲಿ ಸತ್ತ ಎಂಬುದು ಮಾತ್ರ ಸುದ್ದಿ. ಅವನಿದ್ದಿದ್ದರೆ ಅದಕ್ಕೆ ಉಪ್ಪು ಖಾರ ಹಚ್ಚಿ ತಾನೇ ಮೊದಲು ಊರಿಗೆ ಹಂಚುತ್ತಿದ್ದ. ಈಗ ಆ ಕೆಲಸ ಬೇರೆಯವರ ಬಾಯಿಗೆ ಬಿದ್ದಿದೆ. ಸುದ್ದಿಗೆ ಇನ್ನಷ್ಟು ರೆಕ್ಕೆಪುಕ್ಕ ಮೂಡುವ ಮುಂಚೆ ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕು.

ಮೇಸ್ತ್ರಿಯ ಅಂಗಡಿ ಎಂದರೆ ಎರಡು ಗೋಡೆಗಳ ನಡುವಿನ ಸಂದಿ. ಅದರಲ್ಲಿ ಒಂದು ಮರದ ದಿಮ್ಮಿ, ತಗಡು ಕತ್ತರಿಸುವ ಕತ್ತರಿ, ಬೆಸುಗೆಯ ಇದ್ದಿಲ ಒಲೆ, ಅವನು. ಡಬ್ಬ, ಲಾಳಿಕೆ, ಸೂರಿಗೆ ಕಟ್ಟುವ ಮಳೆನೀರಿನ ದೋಣಿ ಮಾಡುತ್ತಿದ್ದ. ಪ್ಲಾಸ್ಟಿಕ್ ಬಂದ ಮೇಲೆ ಮಾಡುವುದಕ್ಕಿಂತ ದುರಸ್ತಿಯೇ ಹೆಚ್ಚಾಯಿತು. ಯಾರಾದರೂ ತೂತು ಬಿದ್ದ ಬಕೆಟ್ಟು ತಂದರೆ ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟುವನು, ಮುಖ ಸಪ್ಪಗೆ ಮಾಡುವನು. "ತುಂಬಾ ತಡವಾಗಿ ಕರ್ಕೊಂಡು ಬಂದ್ರಿ. ಮನೇಲಿ ಯಾರಿಗೂ ಈಗಲೇ ಹೇಳ್ಬೇಡಿ." ಬಂದವರು ನಕ್ಕರೆ ಬೆಸುಗೆ ಬೇಗ ಆಗುತ್ತಿತ್ತು, ನಗದಿದ್ದರೆ ನಾಳೆ ಬನ್ನಿ ಎನ್ನುತ್ತಿದ್ದ.

ಹೆಂಡತಿ ಹೋದ ಮೇಲೆ ಆ ಬಾಯಿಗೂ ತುಕ್ಕು ಹಿಡಿದಿತ್ತು. ಹಗಲೆಲ್ಲ ಹೇಗೋ ಕಳೆಯುತ್ತಿತ್ತು, ಬೆಳಗಿನ ಹೊತ್ತೇ ಕಷ್ಟ. ಮಗ ಕೆಲಸಕ್ಕೆ, ಸೊಸೆ ಅಡುಗೆಮನೆಗೆ. ಇವನು ಕಾಫಿ ಲೋಟ ಹಿಡಿದು ಕಿಟಕಿಯ ಹತ್ತಿರ ಕೂತು ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗಾಗಿ ಕಾಯುವನು.

ಆಗ ಬೀದಿಯ ತಿರುವಿನ ಮನೆಗೆ ಸಿಸ್ಟರ್ ಬಂದರು, ಜೊತೆಗೆ ಒಂದು ಹಿಂಡು ಕೋಳಿ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಂಡವರಲ್ಲ. ಗಟ್ಟಿ ಮಣಿಕಟ್ಟು, ಮೆಲ್ಲನೆಯ ಮಾತು, ಎದುರಿಗಿದ್ದವರ ನಾಡಿ ಹಿಡಿಯದೆಯೇ ಎಣಿಸುವಂಥ ನೋಟ. ಮೊದಲ ವಾರವೇ ಸೋರುವ ಬಕೆಟ್ಟು ತಂದರು. ಮೇಸ್ತ್ರಿ ತಟ್ಟಿ ಮುಖ ಸಪ್ಪಗೆ ಮಾಡಿ, "ತಡವಾಗಿ ಕರ್ಕೊಂಡು ಬಂದ್ರಿ" ಎಂದ.

ಸಿಸ್ಟರ್ ಗಂಭೀರವಾಗಿ, "ಪೇಷೆಂಟ್ ಮುಂದೆ ಹಾಗೆಲ್ಲ ಮಾತಾಡಬಾರದು" ಎಂದರು.

ಮೇಸ್ತ್ರಿ ಅಲ್ಲಿಗೇ ಮನಸೋತ.

ತೊಂದರೆ ಶುರುವಾದದ್ದು ಹೆಸರಿನಿಂದ. ಇಡೀ ಬೀದಿ ಅವರನ್ನು ಸಿಸ್ಟರ್ ಎನ್ನುತ್ತಿತ್ತು. ಹಾಲಿನವನಿಗೂ ಸಿಸ್ಟರ್, ಹಾಲಿನವನ ಅಜ್ಜಿಗೂ ಸಿಸ್ಟರ್. ಮೇಸ್ತ್ರಿಯ ಮನಸ್ಸಿನಲ್ಲಿದ್ದುದು ಒಂದು, ಬಾಯಲ್ಲಿ ಬರಬೇಕಾದ್ದು ಇನ್ನೊಂದು. ಎದುರಿನ ಕ್ಷೌರದಂಗಡಿಯವನ ಹತ್ತಿರ ಹೇಳಿಕೊಂಡ. "ಅಲ್ಲಯ್ಯಾ, ಮಾತು ಶುರು ಮಾಡೋ ಮುಂಚೆನೇ ತಂಗಿ ಮಾಡ್ಕೊಂಡ್ಬಿಟ್ರೆ ಮುಂದೆ ಏನು ಮಾತಾಡೋದು?" ಆಮೇಲೆ ಆ ಪದವನ್ನೇ ಬಿಟ್ಟ. ಅವರನ್ನು ಕರೆಯಬೇಕಾದಾಗ ಕೆಮ್ಮುತ್ತಿದ್ದ. ಸಿಸ್ಟರ್ ಒಂದು ದಿನ ಕೆಮ್ಮಿನ ಔಷಧಿ ತಂದುಕೊಟ್ಟರು.

ಸಿಸ್ಟರ್ ಕೋಳಿಯ ಮೇವಿನ ಮೂಟೆಯನ್ನು ಹಿತ್ತಲಿನ ಬಚ್ಚಲ ಪಕ್ಕ ಇಡುತ್ತಿದ್ದರು. ಅಲ್ಲಿ ಸದಾ ತೇವ. ಮೂಟೆಯ ತಳದಲ್ಲಿ ಕಾಳು ಗಂಟು ಕಟ್ಟಿತು, ಹಸಿರು ಬೂಷ್ಟು ಬಂತು, ಮೇಲಿನಿಂದ ಇಲಿ ತೂತು ಕೊರೆಯಿತು. ಗಮನಿಸುವ ಹೊತ್ತಿಗೆ ಎರಡು ಕೋಳಿ ಸತ್ತವು, ಉಳಿದವು ತೂಕಡಿಸಿದವು. ಸಿಸ್ಟರ್ ಮೂಟೆಯನ್ನು ಪೂರ್ತಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿದರು. ಅಂಗಡಿಯ ಮುಂದೆ ನಿಂತು, "ನನ್ನ ಕೈಯಲ್ಲಿ ಆಗಲ್ಲ ಮೇಸ್ತ್ರಿ. ಕೋಳಿಗಳನ್ನ ತಮ್ಮನ ತೋಟಕ್ಕೆ ಕೊಟ್ಟುಬಿಡ್ತೀನಿ. ನಾನೂ ಅಲ್ಲೇ ಹೋಗಿ ಇದ್ದುಬಿಡೋಣ ಅಂತಿದ್ದೀನಿ" ಎಂದರು.

ಮೇಸ್ತ್ರಿಯ ಕೈಯ ಕತ್ತರಿ ನಿಂತಿತು. ಕೋಳಿ ಹೋದರೆ ಸಿಸ್ಟರ್ ಹೋಗುತ್ತಾರೆ. ಸಿಸ್ಟರ್ ಹೋದರೆ ಇವನಿಗೆ ಉಳಿಯುವುದು ಆ ಕಿಟಕಿ, ಆ ಕಾಫಿ ಲೋಟ.

"ಒಂದು ವಾರ ತಡೀರಿ," ಎಂದು ಕೆಮ್ಮಿದ. "ಇಲಿ ಅಲ್ಲ, ಇಲಿ ಮುತ್ತಾತ ಬಂದ್ರೂ ಒಳಗೆ ಹೋಗದ ಡಬ್ಬ ಮಾಡ್ಕೊಡ್ತೀನಿ."

ಮಾಡಿದ. ಸೊಂಟದೆತ್ತರ, ದಪ್ಪ ತಗಡು, ನೆಲ ಮುಟ್ಟದಂತೆ ಕೆಳಗೆ ನಾಲ್ಕು ಕಾಲು. ಅಂಚುಗಳನ್ನು ಮಡಿಸಿ, ಮರದ ಕೊಡತಿಯಿಂದ ಬಡಿದು, ನೀರು ತುಂಬಿ ಇಡೀ ದಿನ ಬಿಟ್ಟು ನೋಡಿದ. ಒಂದು ಹನಿ ಹೊರಗೆ ಬರಲಿಲ್ಲ. ಮುಚ್ಚಳ ಎಷ್ಟು ಹದವಾಗಿ ಕೂತಿತೆಂದರೆ ಎರಡು ಬೆರಳಿನಲ್ಲಿ ಎತ್ತಬಹುದಿತ್ತು, ಇರುವೆಗೆ ಮಾತ್ರ ಜಾಗವಿರಲಿಲ್ಲ. ಮೇಸ್ತ್ರಿ ಎದುರಿಗೆ ಕೂತು ನೋಡಿದ. ನೋಡುತ್ತ ನೋಡುತ್ತ ಅವನ ಮುಖ ಬಾಡಿತು. ಡಬ್ಬ ಇಷ್ಟು ಚೆನ್ನಾಗಿದ್ದರೆ ಸಿಸ್ಟರ್‌ಗೆ ಮೇಸ್ತ್ರಿ ಯಾಕೆ ಬೇಕು?

ಅತ್ತಿತ್ತ ನೋಡಿ ಕೊಡತಿ ತೆಗೆದುಕೊಂಡ. ಮುಚ್ಚಳದ ಅಂಚಿಗೆ ಒಂದು ಕಡೆ ಮೆಲ್ಲಗೆ ಒಂದು ಏಟು ಹಾಕಿದ. ಅಷ್ಟೇ. ಮುಚ್ಚಳ ಮುನಿಸಿಕೊಂಡಿತು.

"ಇದಕ್ಕೊಂದು ಪಟ್ಟು ಇದೆ," ಎಂದು ಸಿಸ್ಟರ್ ಮನೆಯಲ್ಲಿ ಡಬ್ಬ ಇಳಿಸುತ್ತ ಹೇಳಿದ. "ಇಲಿಗೆ ಗೊತ್ತಾಗಬಾರದು ನೋಡಿ."

ಸಿಸ್ಟರ್ ಎಳೆದರು. ಬರಲಿಲ್ಲ. ಇನ್ನೊಮ್ಮೆ ಎಳೆದರು. "ಇಲಿಗಷ್ಟೇ ಅಲ್ಲ, ನನಗೂ ಗೊತ್ತಾಗೋ ಹಾಗೆ ಕಾಣಲ್ಲ."

"ಪರವಾಗಿಲ್ಲ ಬಿಡಿ. ಬೆಳಿಗ್ಗೆ ಅಂಗಡಿಗೆ ಹೋಗೋ ದಾರೀಲಿ ಬಂದು ತೆಗೆದು ಕೊಡ್ತೀನಿ." ಅಂಗಡಿ ಒಂದು ದಿಕ್ಕು, ಸಿಸ್ಟರ್ ಮನೆ ಇನ್ನೊಂದು ದಿಕ್ಕು. ಇಬ್ಬರೂ ಆ ಮಾತೆತ್ತಲಿಲ್ಲ.

ಅಂದಿನಿಂದ ಮೇಸ್ತ್ರಿಯ ಬೆಳಗುಗಳಿಗೆ ಕಳೆ ಬಂತು. ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಹೊರಡುವನು. ಸೊಸೆ ಬಾಗಿಲಲ್ಲಿ ಹಿಡಿಯುವಳು.

"ಮಾವ, ಇಷ್ಟು ಬೆಳಿಗ್ಗೆ ಎಲ್ಲಿಗೆ?"

"ಕಾಳು ಹಾಕೋಕೆ."

"ಯಾರಿಗೆ ಮಾವ?"

"ಕೋಳಿಗಮ್ಮಾ! ಕೋಳಿಗೆ!"

"ಹ್ಞಾಂ, ನಾನೂ ಅದನ್ನೇ ಅಂದ್ಕೊಂಡೆ. ಕೋಳಿಗಳಿಗೆ ಈ ಅಂಗಿ ತುಂಬಾ ಇಷ್ಟ ಆಗುತ್ತೆ."

ಗಂಡಸು ಹೆಂಗಸಿಗೆ ಕಾಳು ಹಾಕುವುದೆಂದರೆ ಏನೆಂದು ಯಾರಿಗೆ ಗೊತ್ತಿಲ್ಲ? ಕ್ಷೌರದಂಗಡಿಯವನು ಗಿರಾಕಿಯ ಗಲ್ಲದ ಮೇಲೆ ಕತ್ತಿ ಇಟ್ಟುಕೊಂಡೇ ಬೀದಿಗೆ ಕೂಗುವನು, "ಮೇಸ್ತ್ರೀ, ಕಾಳು ತಿಂತಾ?" ಮೇಸ್ತ್ರಿ, "ಈಗಷ್ಟೇ ಮೂಸಿ ನೋಡ್ತಿದೆ" ಎಂದು ಉತ್ತರ ಕೊಟ್ಟು ಹೆಮ್ಮೆಯಿಂದ ನಡೆಯುವನು.

ಮೇವು ಆರಿಸಿ ತರುವ ಜವಾಬ್ದಾರಿಯನ್ನೂ ಕೇಳಿ ಪಡೆದುಕೊಂಡ. ಕೋಳಿಯ ಬಗ್ಗೆ ಅವನಿಗೆ ಗೊತ್ತಿದ್ದುದು ಅದಕ್ಕೆ ಎರಡು ಕಾಲು ಎಂಬುದಷ್ಟೇ. ಮೊದಲ ಸಲ ಅಂಗಡಿಯಲ್ಲಿ ಅತಿ ದುಬಾರಿಯದನ್ನು ಎತ್ತಿಕೊಂಡು ಬಂದ. ಅದು ಮಾಂಸದ ಕೋಳಿಯನ್ನು ಬೇಗ ಕೊಬ್ಬಿಸುವ ಮೇವು. ಸಿಸ್ಟರ್ ಕೋಳಿಗಳು ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ಮೈಕೈ ತುಂಬಿಕೊಂಡು ಬಿಸಿಲಲ್ಲಿ ಒರಗಿದವು. ಮೊಟ್ಟೆಯ ಮಾತೇ ಇಲ್ಲ. ಸಿಸ್ಟರ್ ಚೀಲದ ಮೇಲಿನ ಬರಹ ಓದಿ ಹೇಳಿದರು, "ಇದು ಮೊಟ್ಟೆ ಇಡೋ ಕೋಳಿಗಲ್ಲ. ಅವಕ್ಕೆ ಸುಣ್ಣದಂಶ ಬೇಕು, ಇಲ್ಲಾಂದ್ರೆ ಮೊಟ್ಟೆ ಚಿಪ್ಪು ತೆಳ್ಳಗಾಗುತ್ತೆ. ಮರಿಗಳಿಗೆ ಅದೇ ಸುಣ್ಣ ಹೆಚ್ಚಾದ್ರೆ ಕಿಡ್ನಿ ಹಾಳು. ಒಬ್ಬೊಬ್ಬರಿಗೆ ಒಂದೊಂದು ಪಥ್ಯ."

"ಅದನ್ನ ಚೀಲದ ಮೇಲೆ ದೊಡ್ಡದಾಗಿ ಬರೀಬಾರ್ದಾ?"

"ಬರೆದಿದ್ದಾರೆ. ಕನ್ನಡಕ ಎಲ್ಲಿ?"

ಕನ್ನಡಕ ಹಾಕಿದರೆ ವಯಸ್ಸಾದಂತೆ ಕಾಣುತ್ತೇನೆಂದು ಅವನು ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದ. ಮರುದಿನದಿಂದ ಹಾಕಿಕೊಂಡು ಬಂದ. ನಿಧಾನಕ್ಕೆ ಕೆಲಸ ಕಲಿತ. ಚೀಲದೊಳಗೆ ಮೊಣಕೈವರೆಗೆ ತೋಳು ತೂರಿಸಿ ತಳದಿಂದ ಒಂದು ಹಿಡಿ ತೆಗೆಯುವನು. ಬಿಸಿಯಾಗಿದೆಯೇ, ಅಂಟುತ್ತದೆಯೇ, ಮುಗ್ಗಲು ವಾಸನೆ ಇದೆಯೇ ಎಂದು ನೋಡುವನು. ಒಂದು ಮೆಕ್ಕೆಜೋಳದ ಕಾಳನ್ನು ಹಲ್ಲಿಗೆ ಸಿಕ್ಕಿಸಿ ಕಡಿಯುವನು. ಕಟಕ್ ಎಂದರೆ ಒಣಗಿದೆ, ಸದ್ದಿಲ್ಲದಿದ್ದರೆ ಬೇಡ. ಮೇವಿನಂಗಡಿಯವನು ಗೋಳಾಡುವನು. "ಮೇಸ್ತ್ರಿ, ಕೋಳಿಗೂ ಸ್ವಲ್ಪ ಉಳಿಸಿ!"

ಮಳೆ ಶುರುವಾದಾಗ ಮೇಸ್ತ್ರಿ ಜ್ವರ ಬಂದು ಮಲಗಿದ. ಏಳಲು ನೋಡಿದರೆ ತಲೆ ಸುತ್ತು. ಒಂದು ದಿನ ಸುಮ್ಮನಿದ್ದ. ಮರುದಿನ ಹೊದಿಕೆ ಕಿತ್ತೆಸೆದು ಸೊಸೆಯನ್ನು ಕರೆದ.

"ಓಡಮ್ಮಾ! ಕೋಳಿಗಳು ನಿನ್ನೆಯಿಂದ ಉಪವಾಸ. ಸುತ್ತಿಗೆ ತಗೊಂಡು ಹೋಗು. ಮುಚ್ಚಳ ಒಡೆದ್ರೂ ಚಿಂತೆಯಿಲ್ಲ ಅಂತ ಹೇಳು!"

ಸೊಸೆ ಸುತ್ತಿಗೆ ಹಿಡಿದು ಹೋದಳು. ಬರುವಾಗ ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಮೊಟ್ಟೆ ತುಂಬಿದ ಬುಟ್ಟಿ. ನಗು ತಡೆಯಲಾಗದೆ ಬಾಗಿಲ ಚೌಕಟ್ಟಿಗೆ ಒರಗಿದಳು.

"ಮಾವ, ಕೋಳಿಗಳೆಲ್ಲ ಗುಂಡುಕಲ್ಲಿನ ಹಾಗಿವೆ. ಸಿಸ್ಟರ್ ಒಂದು ಮಾತು ಕೇಳ್ಕೊಂಡು ಬಾ ಅಂದ್ರು."

"ಏನಂತೆ?"

"ಕೋಳಿ ದಿನಕ್ಕೆ ಎರಡು ಸಲ ತಿನ್ನುತ್ತಂತೆ. ಬೆಳಿಗ್ಗೆ ನೀವು ಹೋಗಿ ಮುಚ್ಚಳ ತೆಗೀತಿದ್ರಿ. ಸಂಜೆ ಯಾರು ತೆಗೀತಿದ್ರು ಅಂತ ನಿಮಗೆ ಯಾವತ್ತಾದ್ರೂ ಅನಿಸಿತ್ತಾ ಅಂತ."

ಮೇಸ್ತ್ರಿ ಹೊದಿಕೆಯನ್ನು ತಲೆಯ ಮೇಲಿನವರೆಗೆ ಎಳೆದುಕೊಂಡ.

ಜ್ವರ ಬಿಟ್ಟರೂ ಅವನು ಆ ಕಡೆ ತಲೆ ಹಾಕಲಿಲ್ಲ. ನೆಪ ಬಯಲಾಗಿತ್ತು. ನೆಪವಿಲ್ಲದೆ ಒಬ್ಬ ಹೆಂಗಸಿನ ಮನೆಗೆ ಹೋಗಲು ಎಂಥ ಮುಖ ಹೊತ್ತು ಹೋಗಬೇಕೆಂದು ಅವನಿಗೆ ತಿಳಿಯದು. ಮತ್ತೆ ಕಿಟಕಿಯ ಹತ್ತಿರ ಕೂತ. ಸೊಸೆ ಈ ಸಲ ತಮಾಷೆ ಮಾಡಲಿಲ್ಲ. ಕಾಫಿಯನ್ನು ಎರಡು ಸಲ ಬಿಸಿ ಮಾಡಿಕೊಟ್ಟಳು.

ಬುಧವಾರ ಹಾಡುಹಗಲು, ಇಡೀ ಬೀದಿ ನೋಡುತ್ತಿರುವಾಗ, ಸಿಸ್ಟರ್ ಮುಚ್ಚಳವನ್ನು ಕಂಕುಳಲ್ಲಿ ಇರುಕಿಕೊಂಡು ಅಂಗಡಿಗೆ ಬಂದರು. ದಿಮ್ಮಿಯ ಮೇಲೆ ಧಡ್ ಎಂದು ಇಟ್ಟರು.

"ಸರಿ ಮಾಡಿ."

"ಅದು... ಹೇಗೆ ತೆಗೀತಿದ್ರಿ?"

"ಆಸ್ಪತ್ರೇಲಿ ಬಿಗಿ ಬಾಟಲಿ ತೆಗೆದೂ ತೆಗೆದೂ ಈ ಕೈ ಪಳಗಿದೆ. ಮೊದಲ ದಿನ ಸಂಜೆಯೇ ತೆಗೆದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಬೆಟ್ಟ ಎತ್ತೋ ಹಾಗೆ ಎತ್ತುತ್ತಿದ್ರಲ್ಲ. ಟಿಕೆಟ್ಟಿಲ್ಲದೆ ಅಂಥ ನಾಟಕ ಎಲ್ಲಿ ಸಿಗುತ್ತೆ?"

ಎದುರಿನ ಕ್ಷೌರದಂಗಡಿಯಲ್ಲಿ ಕತ್ತಿ ನಿಂತಿತ್ತು. ಮೇಸ್ತ್ರಿ ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿದ, ತಾನೇ ಹಾಕಿದ ಏಟನ್ನು ಹೊಸದಾಗಿ ಕಂಡವನ ಹಾಗೆ.

"ಸರಿ ಮಾಡಿದ್ರೆ ಆಮೇಲೆ ನಾನು ಬರೋಕೆ ಕಾರಣ ಇರಲ್ಲ... ಸಿಸ್ಟರ್."

"ಕಾರಣ ಇದ್ರೆ ಪೋಸ್ಟ್‌ಮ್ಯಾನೂ ಬರ್ತಾನೆ," ಎಂದರು ಸಿಸ್ಟರ್. "ನಾಳೆ ಮೇವು ತರಬೇಕು. ನಾನೂ ಬರ್ತೀನಿ. ಮತ್ತೆ ಆ ಸಿಸ್ಟರ್ ಅನ್ನೋದು ನಿಮ್ಮ ಬಾಯಲ್ಲಿ ಚೆನ್ನಾಗಿಲ್ಲ. ಕೆಮ್ಮು ಅದಕ್ಕಿಂತ ವಾಸಿ."

ಅವರು ಹೋದ ಮೇಲೆ ಮೇಸ್ತ್ರಿ ಮುಚ್ಚಳದ ಅಂಚನ್ನು ಬಡಿದು ನೆಟ್ಟಗೆ ಮಾಡಿದ. ಸೊಸೆ ಹೇಳುವಂತೆ ಅಂದು ಅವನು ಊಟಕ್ಕೆ ಕೂತು ಬರೀ ಅನ್ನಕ್ಕೆ ಉಪ್ಪು ಹಾಕಿಕೊಂಡು ಹೊಟ್ಟೆ ತುಂಬಾ ತಿಂದ, ಸಾರು ಬಡಿಸಿಕೊಳ್ಳುವುದನ್ನೇ ಮರೆತಿದ್ದ.

ಗುರುವಾರ ಇಬ್ಬರೂ ಮೇವಿನಂಗಡಿಗೆ ಹೋದರು. ಅವನು ಕಾಳು ಕಡಿದ, ಅವರು ಚೀಲದ ಮೇಲೆ ತಯಾರಾದ ದಿನ ಓದಿದರು. ಮೇವಿನಂಗಡಿಯವನು, "ಇವತ್ತು ಇಬ್ಬರು ತಜ್ಞರು! ನನಗೆ ಉಳಿಗಾಲವಿಲ್ಲ" ಎಂದ. ಚಿಕ್ಕ ಮೂಟೆ ಸಾಕು, ಮಳೆಗಾಲದಲ್ಲಿ ಹೆಚ್ಚು ಕೂಡಿಡಬಾರದು ಎಂದು ಸಿಸ್ಟರ್ ಹೇಳಿದರು. ಗಾಡಿ ಕರೆಯುವುದು ಬೇಡವೆಂದೂ ಅವರೇ ಹೇಳಿದರು. ಮೂಟೆಯ ಒಂದು ತುದಿ ಅವನು, ಇನ್ನೊಂದು ತುದಿ ಅವರು ಹಿಡಿದು ದೊಡ್ಡ ಬೀದಿಯ ನಡುವೆಯೇ ಬಂದರು. ಕ್ಷೌರದಂಗಡಿಯವನು ತಮಾಷೆ ಬಿಟ್ಟು ಕೈ ಮುಗಿದ. ನೀರು ನಿಂತ ಗುಂಡಿಯೊಂದು ಎದುರಾದಾಗ ಮೇಸ್ತ್ರಿ ಎಚ್ಚರಿಸಬೇಕಾಯಿತು. ಕೆಮ್ಮಲಿಲ್ಲ.

"ರೀ," ಎಂದ.

"ಏನ್ರೀ?" ಎಂದರು ಅವರು. ಗುಂಡಿ ದಾಟಿದರು.

ಹಿತ್ತಲಿನ ಕೋಣೆಯಲ್ಲಿ ಡಬ್ಬದ ತಳದಲ್ಲಿ ಹಳೆಯ ಕಾಳು ಇನ್ನೂ ಒಂದಿಷ್ಟು ಇತ್ತು. ಹಳೆಯದರ ಮೇಲೆ ಹೊಸದು ಸುರಿಯಬಾರದು, ಅದು ಮುಗಿಯುವವರೆಗೆ ಮೂಟೆ ಹಾಗೇ ಇರಲಿ ಎಂದು ಇಬ್ಬರೂ ಹಲಗೆಯ ಮೇಲೆ ಇಳಿಸಿದರು. ಸಿಸ್ಟರ್ ಒಲೆಯ ಮೇಲೆ ಕಾಫಿಗೆ ನೀರಿಡಲು ಒಳಗೆ ಹೋದರು. ಮೂಟೆ ಗೋಡೆಗೆ ಒರಗಿತ್ತು, ಗೋಡೆ ಮಳೆಗೆ ತೇವ ಕುಡಿದಿತ್ತು. ಮೇಸ್ತ್ರಿ ಬಗ್ಗಿ, ಎರಡೂ ಕೈಯಿಂದ ಮೂಟೆಯ ಕಿವಿ ಹಿಡಿದು, ಅದನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದ.